ಹೊಸ ಕಣ ಸಿಕ್ಕಿತೆಂಬ ಸುದ್ದಿ ಹಬ್ಬಿದಾಗ ಅದನ್ನು ತೂಗಿ ನೋಡುವ ಬಗೆ

ಕಣಭೌತವಿಜ್ಞಾನದಲ್ಲಿ ದೊಡ್ಡದೇನೋ ಪತ್ತೆಯಾಗಿದೆಯೆಂಬ ಗುಸುಗುಸು ಕೆಲವು ವರ್ಷಗಳಿಗೊಮ್ಮೆ ಏಳುತ್ತಲೇ ಇರುತ್ತದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲೋ ಷಿಕಾಗೋ ಸಮೀಪದ ಫರ್ಮಿಲ್ಯಾಬ್‌ನಲ್ಲೋ ಸಂಶೋಧಕರ ನಡುವೆ ಎಚ್ಚರಿಕೆಯಿಂದ ಆಡಿದ ಮಾತು ಪತ್ರಿಕೆಗೆ, ಅಲ್ಲಿಂದ ಟಿವಿಗೆ, ಕೊನೆಗೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದು ಸೇರುವಷ್ಟರಲ್ಲಿ ಅದರ ಎಚ್ಚರಿಕೆಯೆಲ್ಲ ಕಳಚಿಹೋಗಿರುತ್ತದೆ. ಆಗ ಕೆಲವರು ಸಂಭ್ರಮಿಸುತ್ತಾರೆ, ಕೆಲವರು ಹೆದರುತ್ತಾರೆ, ಇನ್ನು ಕೆಲವರು ವಿಜ್ಞಾನಿಗಳು ದಿನಕ್ಕೊಂದು ಮಾತಾಡುತ್ತಾರೆಂದು ಬೇಸರಪಡುತ್ತಾರೆ. ಭೌತವಿಜ್ಞಾನದಲ್ಲಿ ಪದವಿ ಪಡೆಯದ ಓದುಗರು, ತರಗತಿಯಲ್ಲಿ ಮಕ್ಕಳ ಪ್ರಶ್ನೆ ಎದುರಿಸುವ ಶಿಕ್ಷಕರು, ವಿಜ್ಞಾನ ಪುಟವನ್ನು ನೋಡಿಕೊಳ್ಳುವ ಪತ್ರಕರ್ತರು ಇಂಥ ಸುದ್ದಿಯನ್ನು ತಾವೇ ತೂಗಿ ನೋಡಬಹುದು. ಅದಕ್ಕೆ ಗಣಿತದ ಪಾಂಡಿತ್ಯ ಬೇಕಿಲ್ಲ; ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕೆಂದು ತಿಳಿದಿದ್ದರೆ ಸಾಕು.

ಆ ಪ್ರಶ್ನೆಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಒಂದನ್ನು: ಬೇರೊಂದು ತಂಡ, ಬೇರೊಂದು ಉಪಕರಣದಿಂದ, ಇದನ್ನೇ ಕಂಡಿದೆಯೇ? ಈ ಪ್ರಶ್ನೆಯ ಬೆಲೆ ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ, ಕೋಲಾರದ ಚಿನ್ನದ ಗಣಿಯ ಎರಡು ಪ್ರಯೋಗಗಳನ್ನು ನೆನೆದರೆ ಸಾಕು.

1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಜೊತೆಗೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ (ಬಹುಮಟ್ಟಿಗೆ ಯಾವುದಕ್ಕೂ ತಾಗದೆ ಹಾಯ್ದುಹೋಗುವ ಅತಿ ಹಗುರ ಕಣಗಳ) ಗುರುತನ್ನು ಮೊದಲ ಬಾರಿಗೆ ದಾಖಲಿಸಿದರು. ಗಣಿಯ ಪ್ರಯೋಗಗಳನ್ನು ಬೆಳೆಸಿದವರಲ್ಲಿ ಪ್ರಮುಖರಾದ ಬಿ. ವಿ. ಶ್ರೀಕಂಠನ್ ನಂಜನಗೂಡಿನ ಸೀಮೆಯವರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡ್ರಿಕ್ ರೈನ್ಸ್ ಅವರ ತಂಡವೂ ಅದನ್ನೇ ಕಂಡಿತು. ಎರಡು ಖಂಡಗಳ ಎರಡು ಗಣಿಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಉಪಕರಣಗಳು ಒಂದೇ ಮಾತು ಹೇಳಿದ್ದರಿಂದ ಆ ಶೋಧ ಗಟ್ಟಿಯಾಗಿ ನಿಂತಿತು.

ಕೋಲಾರದ ಅದೇ ಗಣಿಯಲ್ಲಿ 1980ರಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ಪ್ರೋಟಾನ್ ಶಾಶ್ವತವಲ್ಲ, ಅತಿ ದೀರ್ಘ ಕಾಲದಲ್ಲಿ ಅದೂ ಕ್ಷಯಿಸುತ್ತದೆಯೆಂದು 1974ರ ಸುಮಾರಿನಲ್ಲಿ ಮಂಡಿತವಾದ, ಪ್ರಕೃತಿಯ ಬೇರೆಬೇರೆ ಬಲಗಳನ್ನು ಒಂದೇ ಬಲದ ರೂಪಗಳೆಂದು ನೋಡುವ ಮಹಾ ಏಕೀಕರಣ ಸಿದ್ಧಾಂತಗಳು ಹೇಳುತ್ತಿದ್ದವು. ಅದನ್ನು ಪರೀಕ್ಷಿಸಲು ಕಬ್ಬಿಣದ ಹಲಗೆಗಳ ನಡುವೆ, ಕಣ ಹಾಯ್ದದ್ದನ್ನು ಗುರುತಿಸುವ ಕೌಂಟರ್‌ಗಳ ಪದರಗಳನ್ನು ಜೋಡಿಸಿದ, ಸುಮಾರು 140 ಟನ್ ತೂಕದ ಡಿಟೆಕ್ಟರನ್ನು ಗಣಿಯಾಳದಲ್ಲಿ ನಿಲ್ಲಿಸಲಾಯಿತು. ಭಾರತ ಮತ್ತು ಜಪಾನಿನ ಈ ತಂಡ 1981ರ ವೇಳೆಗೆ ಪ್ರೋಟಾನಿನ ಕ್ಷಯವಾಗಿರಬಹುದಾದ ಕೆಲವು ಘಟನೆಗಳನ್ನು ವರದಿ ಮಾಡಿದಾಗ ಜಗತ್ತಿನ ಭೌತವಿಜ್ಞಾನಿಗಳ ಗಮನವೆಲ್ಲ ಕೋಲಾರದ ಕಡೆಗೆ ತಿರುಗಿತು. ಆ ಪ್ರಬಂಧದಲ್ಲಿ ಅವುಗಳನ್ನು ಕ್ಷಯಕ್ಕೆ ಅಭ್ಯರ್ಥಿಯಾಗಬಲ್ಲ ಘಟನೆಗಳೆಂದಷ್ಟೇ ಕರೆದಿದ್ದರು, ಶೋಧವೆಂದು ಸಾರಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲಿ ಐಎಂಬಿ, ಜಪಾನಿನಲ್ಲಿ ಕಾಮಿಯೋಕಾಂಡೆ ಎಂಬ, ಸಾವಿರಾರು ಟನ್ ನೀರು ತುಂಬಿದ ಡಿಟೆಕ್ಟರ್‌ಗಳು ಕೆಲಸ ಆರಂಭಿಸಿದವು. ಅವುಗಳಿಗೆ ಕ್ಷಯದ ಗುರುತು ಸಿಗಲಿಲ್ಲ. ಇಂದಿಗೂ ಪ್ರೋಟಾನ್ ಕ್ಷಯಿಸಿದ್ದನ್ನು ಯಾರೂ ಕಂಡಿಲ್ಲ. ಕೆಜಿಎಫ್ ತಂಡದವರ ಕೆಲಸದಲ್ಲಿ ಮೋಸವಾಗಲಿ ಅವಸರವಾಗಲಿ ಇರಲಿಲ್ಲ. ಅಷ್ಟು ವಿರಳವಾದ ಘಟನೆಗಳನ್ನು ಹುಡುಕುವಾಗ ನ್ಯೂಟ್ರಿನೋಗಳೇ ಪ್ರೋಟಾನ್ ಕ್ಷಯದಂತೆ ತೋರುವ ಗುರುತು ಬಿಡಬಲ್ಲವು, ಅದನ್ನು ಬಿಡಿಸಿ ಹೇಳಲು ಇನ್ನೂ ದೊಡ್ಡ ಡಿಟೆಕ್ಟರ್ ಬೇಕಾಗುತ್ತದೆ. ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸುದ್ದಿಗಳನ್ನು ಓದಬೇಕು.

ಮಾತು ಎಲ್ಲಿಂದ ಹೊರಟಿತು ಎಂದು ನೋಡಿ

ಸುದ್ದಿ ಕೈಗೆ ಬಂದ ಕೂಡಲೇ ಅದರ ಮೂಲವನ್ನು ಹುಡುಕಬೇಕು. ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳಲ್ಲಿ ತಲಾ ಸಾವಿರಾರು ವಿಜ್ಞಾನಿಗಳು ದುಡಿಯುತ್ತಾರೆ. ಅವರಲ್ಲಿ ನಾಲ್ಕಾರು ಜನ ದತ್ತಾಂಶದಲ್ಲಿ ಕಂಡದ್ದನ್ನು ಮೊದಲು ಒಳಗಿನವರಿಗಾಗಿ ಟಿಪ್ಪಣಿಯಾಗಿ ಬರೆಯುತ್ತಾರೆ. ಅದನ್ನು ಸಹೋದ್ಯೋಗಿಗಳು ಪರಿಶೀಲಿಸುತ್ತಾರೆ, ತಪ್ಪು ಹುಡುಕುತ್ತಾರೆ, ಬೇರೆ ವಿಧಾನದಿಂದ ಲೆಕ್ಕ ಹಾಕಿ ನೋಡುತ್ತಾರೆ. ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ಮಾತ್ರ ಇಡೀ ತಂಡದ ಹೆಸರಿನಲ್ಲಿ ಹೊರಬರುತ್ತದೆ. ಆಂತರಿಕ ಟಿಪ್ಪಣಿಗಳಲ್ಲಿ ಎಷ್ಟೋ ಈ ಹಾದಿಯ ನಡುವೆಯೇ ನಿಂತುಹೋಗುತ್ತವೆ.

2011ರ ಏಪ್ರಿಲ್‌ನಲ್ಲಿ ಸೋರಿಕೆಯಾದದ್ದು ಅಂಥದೇ ಒಂದು ಟಿಪ್ಪಣಿಯ ಸಾರಾಂಶ. ಅಟ್ಲಾಸ್‌ನ ನಾಲ್ವರು ಬರೆದಿದ್ದ ಅದರಲ್ಲಿ, ಎರಡು ಫೋಟಾನುಗಳಾಗಿ, ಅಂದರೆ ಬೆಳಕಿನ ಕಣಗಳಾಗಿ, ಒಡೆಯುವ ಘಟನೆಗಳು 115 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ತೂಕ ಹೇಳಲು ಬಳಸುವ ಶಕ್ತಿಯ ಮಾನ) ಬಳಿ ಹೆಚ್ಚಾಗಿ ಕಾಣುತ್ತಿವೆಯೆಂದೂ, ಆ ಪ್ರಮಾಣ, ಮೂಲಕಣಗಳಿಗೆ ತೂಕ ಬರುವುದನ್ನು ವಿವರಿಸುವ ಸಿದ್ಧಾಂತದ, ಆಗ ಇನ್ನೂ ಸಿಕ್ಕಿರದ ಕಣವಾದ ಹಿಗ್ಸ್ ಬೋಸಾನ್‌ನಿಂದ ನಿರೀಕ್ಷಿಸಬಹುದಾದದ್ದಕ್ಕಿಂತ ಸುಮಾರು ಮೂವತ್ತು ಪಟ್ಟು ಹೆಚ್ಚೆಂದೂ ಇತ್ತು. ಸುದ್ದಿ ಜಗತ್ತಿನಾದ್ಯಂತ ಹರಡಿತು, ಹಿಗ್ಸ್ ಸಿಕ್ಕಿತೆಂಬ ತಲೆಬರಹಗಳು ಬಂದವು. ಮರುತಿಂಗಳು ಅಟ್ಲಾಸ್ ತಂಡ ಹೆಚ್ಚಿನ ದತ್ತಾಂಶದೊಡನೆ ಅಧಿಕೃತ ವಿಶ್ಲೇಷಣೆಯನ್ನು ಹೊರತಂದಾಗ ಆ ಹೆಚ್ಚಳ ಅಲ್ಲಿರಲಿಲ್ಲ. ಮೂವತ್ತು ಪಟ್ಟು ಎಂಬ ಅಂಕಿಯೇ ಓದುಗರಿಗೆ ಎಚ್ಚರಿಕೆಯಾಗಬೇಕಿತ್ತೆಂದು ನನಗನ್ನಿಸುತ್ತದೆ. ಸಿದ್ಧಾಂತವು ಇಷ್ಟಿರಬೇಕೆಂದು ಹೇಳಿದ್ದಕ್ಕಿಂತ ಅಷ್ಟೊಂದು ಹೆಚ್ಚು ಕಂಡಿದ್ದರೆ, ಅದು ಹುಡುಕುತ್ತಿದ್ದ ಕಣವಾಗಿರುವ ಸಾಧ್ಯತೆ ಕಡಿಮೆಯೇ.

ಆದ್ದರಿಂದ ತಂಡದ ಅಧಿಕೃತ ಪ್ರಕಟಣೆ, ಸೆಮಿನಾರ್ ಅಥವಾ ಪ್ರಬಂಧ ಇದೆಯೇ ಎಂದು ನೋಡಿ. ಇಲ್ಲವಾದರೆ ಆ ಸುದ್ದಿಯನ್ನು ಬೇರೆಯವರಿಗೆ ಕಳಿಸದೆ ಇರುವುದೇ ಸರಿ.

ಸಿಗ್ಮಾ ಎಂಬ ಅಂಕಿಯನ್ನು ಓದುವ ಕ್ರಮ

ಅಧಿಕೃತ ವರದಿ ಸಿಕ್ಕಿದ ಮೇಲೆ ಅದರಲ್ಲಿ ಸಿಗ್ಮಾ ಎಷ್ಟೆಂದು ಹುಡುಕಬೇಕು. 3 ಸಿಗ್ಮಾ ಎಂದರೆ, ಹೊಸದೇನೂ ಇಲ್ಲದಿದ್ದರೂ ಕೇವಲ ಆಕಸ್ಮಿಕದಿಂದ ಇಷ್ಟು ದೊಡ್ಡ ಉಬ್ಬು ದತ್ತಾಂಶದ ನಕ್ಷೆಯಲ್ಲಿ (ಗ್ರಾಫ್‌ನಲ್ಲಿ) ಮೂಡುವ ಸಾಧ್ಯತೆ ಸುಮಾರು 740ರಲ್ಲಿ ಒಂದು. 5 ಸಿಗ್ಮಾ ಎಂದರೆ ಸುಮಾರು 35 ಲಕ್ಷದಲ್ಲಿ ಒಂದು. ಈ ಕ್ಷೇತ್ರದಲ್ಲಿ 3 ಸಿಗ್ಮಾವನ್ನು ಸುಳಿವೆಂದೂ, 5 ಸಿಗ್ಮಾವನ್ನು ಶೋಧವೆಂದೂ ಕರೆಯುವ ರೂಢಿಯಿದೆ. ಇಲ್ಲಿ ಪತ್ರಿಕೆಗಳು ಪದೇಪದೇ ಎಡವುವ ಜಾಗವೊಂದಿದೆ. 740ರಲ್ಲಿ ಒಂದು ಎನ್ನುವುದನ್ನು ತಿರುಗಿಸಿ, ಶೋಧ ನಿಜವಾಗಿರುವ ಸಾಧ್ಯತೆ ನೂರಕ್ಕೆ 99ಕ್ಕಿಂತ ಹೆಚ್ಚು ಎಂದು ಬರೆದುಬಿಡುತ್ತಾರೆ. ಆ ಅಂಕಿ ಹಾಗೆ ಹೇಳುವುದಿಲ್ಲ. ಏನೂ ಇಲ್ಲವೆಂದು ಇಟ್ಟುಕೊಂಡರೆ ಇಂಥ ದತ್ತಾಂಶ ಎಷ್ಟು ಅಪರೂಪ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಕಣ ಇದೆಯೇ ಇಲ್ಲವೇ ಎಂಬುದರ ಸಾಧ್ಯತೆ ಬೇರೆಯೇ ಲೆಕ್ಕ.

ಅಪರೂಪದ್ದು ಎಲ್ಲೋ ಒಂದು ಕಡೆ ನಡೆದೇ ತೀರುತ್ತದೆ ಎಂಬುದನ್ನೂ ಮರೆಯಬಾರದು. ಒಬ್ಬ ಕ್ರಿಕೆಟ್ ನಾಯಕ ಸತತವಾಗಿ ಹತ್ತು ಟಾಸ್ ಗೆಲ್ಲುವ ಸಾಧ್ಯತೆ 1,024ರಲ್ಲಿ ಒಂದು ಮಾತ್ರ, ಆದರೆ ಸಾವಿರ ತಂಡಗಳ ನಾಯಕರು ತಲಾ ಹತ್ತು ಸಲ ಟಾಸ್‌ಗೆ ಇಳಿದರೆ ಅವರಲ್ಲಿ ಯಾರಾದರೊಬ್ಬರು ಹತ್ತನ್ನೂ ಗೆದ್ದರೆ ಅಚ್ಚರಿಪಡಬೇಕಾಗಿಲ್ಲ. ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಸರ್ನ್‌ನ ಯಂತ್ರವಾದ ಲಾರ್ಜ್ ಹೇಡ್ರಾನ್ ಕೊಲೈಡರ್‌ನ ತಂಡಗಳು ನೂರಾರು ನಕ್ಷೆಗಳನ್ನು, ಒಂದೊಂದರಲ್ಲೂ ಹತ್ತಾರು ಜಾಗಗಳನ್ನು ಪರೀಕ್ಷಿಸುತ್ತವೆ. ಆದ್ದರಿಂದಲೇ ಅವರ ವರದಿಗಳಲ್ಲಿ ಎರಡು ಅಂಕಿಗಳಿರುತ್ತವೆ: ಆ ಒಂದು ಜಾಗವನ್ನಷ್ಟೇ ನೋಡಿದಾಗ ಬರುವ ಸ್ಥಳೀಯ ಸಿಗ್ಮಾ ಮತ್ತು ಹುಡುಕಿದ ಎಲ್ಲ ಜಾಗಗಳನ್ನೂ ಲೆಕ್ಕಕ್ಕೆ ಹಿಡಿದಾಗ ಬರುವ ಒಟ್ಟಾರೆ ಸಿಗ್ಮಾ. ಗಾಳಿಸುದ್ದಿಯಲ್ಲಿ ಹರಿದಾಡುವುದು ಬಹುಪಾಲು ಮೊದಲನೆಯದು. ನೀವು ಎರಡನೆಯದನ್ನು ಕೇಳಿ.

ಎರಡು ಡಿಸೆಂಬರ್‌ಗಳು

ಈ ಅಂಕಿಗಳು ತಾವಾಗಿಯೇ ಎಷ್ಟು ಕಡಿಮೆ ಹೇಳುತ್ತವೆಂಬುದಕ್ಕೆ ಸರ್ನ್‌ನ ಎರಡು ಸೆಮಿನಾರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡಕ್ಕೂ ಮುಂಚೆ ಗುಸುಗುಸು ಜೋರಾಗಿ ಹಬ್ಬಿತ್ತು, ಎರಡನ್ನೂ ಜಗತ್ತು ಕಾದು ಕುಳಿತು ನೋಡಿತು.

2011ರ ಡಿಸೆಂಬರ್ 13ರಂದು ಅಟ್ಲಾಸ್ 126 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಬಳಿ 3.6 ಸ್ಥಳೀಯ ಸಿಗ್ಮಾದ ಹೆಚ್ಚಳವನ್ನೂ, ಸಿಎಂಎಸ್ 124ರ ಬಳಿ 2.6 ಸ್ಥಳೀಯ ಸಿಗ್ಮಾದ ಹೆಚ್ಚಳವನ್ನೂ ತೋರಿಸಿದವು. 2015ರ ಡಿಸೆಂಬರ್ 15ರಂದು ಅವೇ ತಂಡಗಳು 750ರ ಸುತ್ತಮುತ್ತ, ಎರಡು ಫೋಟಾನುಗಳ ನಕ್ಷೆಯಲ್ಲಿ ಇನ್ನೊಂದು ಉಬ್ಬನ್ನು ತೋರಿಸಿದವು. ಆಗಲೂ ಅಟ್ಲಾಸ್‌ನ ಸ್ಥಳೀಯ ಸಿಗ್ಮಾ 3.6, ಸಿಎಂಎಸ್‌ನದು 2.6. ಅಂಕಿಗಳು ಹೀಗೆ ಒಂದೇ ಆಗಿದ್ದರೂ ಮೊದಲನೆಯದು 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಆಗಿ ಪ್ರಕಟವಾಯಿತು. ಎರಡನೆಯದು 2016ರ ಆಗಸ್ಟ್‌ನಲ್ಲಿ ಷಿಕಾಗೋದ ಸಮ್ಮೇಳನದಲ್ಲಿ, ಸುಮಾರು ನಾಲ್ಕು ಪಟ್ಟು ಹೊಸ ದತ್ತಾಂಶವನ್ನು ಮುಂದಿಟ್ಟಾಗ ಇಲ್ಲವಾಯಿತು. ಆ ನಡುವಿನ ಎಂಟು ತಿಂಗಳಲ್ಲಿ ಅದನ್ನು ವಿವರಿಸಲು ಸಿದ್ಧಾಂತಿಗಳು ಸುಮಾರು 500 ಪ್ರಬಂಧಗಳನ್ನು ಬರೆದಿದ್ದರು.

ಮೊದಲೇ ವ್ಯತ್ಯಾಸ ತಿಳಿಯುವ ದಾರಿ ಇತ್ತೇ? ಪೂರ್ತಿಯಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ಇತ್ತು ಎಂಬುದು ನನ್ನ ಅಭಿಪ್ರಾಯ. 2011ರಲ್ಲಿ ಹುಡುಕುತ್ತಿದ್ದ ಕಣವನ್ನು 1964ರಲ್ಲಿಯೇ ಸಿದ್ಧಾಂತ ಮುನ್ಸೂಚಿಸಿತ್ತು. ಅದು ಇರಬಹುದಾದ ಬೇರೆ ಜಾಗಗಳನ್ನೆಲ್ಲ ಪ್ರಯೋಗಗಳು ಒಂದೊಂದಾಗಿ ಮುಚ್ಚುತ್ತ ಬಂದು, ಉಳಿದಿದ್ದ ಕಿರಿದಾದ ಪಟ್ಟಿಯಲ್ಲಿಯೇ ಹೆಚ್ಚಳ ಕಂಡಿತ್ತು. ಎರಡು ಫೋಟಾನುಗಳ ನಕ್ಷೆಯಲ್ಲಿ ಮಾತ್ರವಲ್ಲದೆ ನಾಲ್ಕು ಲೆಪ್ಟಾನುಗಳ (ಎಲೆಕ್ಟ್ರಾನಿನ ಜಾತಿಯ ಕಣಗಳ) ನಕ್ಷೆಯಲ್ಲಿಯೂ ಅದರ ಸುಳಿವಿತ್ತು. 2015ರ ಉಬ್ಬಿಗೆ ಇದಾವುದೂ ಇರಲಿಲ್ಲ. ಹಿಗ್ಸ್‌ನ ಆರು ಪಟ್ಟು ತೂಕದ ಆ ಕಣವನ್ನು ಯಾರೂ ನಿರೀಕ್ಷಿಸಿರಲಿಲ್ಲ, ಅದು ಒಂದೇ ಬಗೆಯ ನಕ್ಷೆಯಲ್ಲಿ ಕಂಡಿತ್ತು. ಅದರ ಒಟ್ಟಾರೆ ಸಿಗ್ಮಾ ಅಟ್ಲಾಸ್‌ನಲ್ಲಿ 2.0 ಮಾತ್ರ, ಸಿಎಂಎಸ್‌ನಲ್ಲಿ 1.2. ಅಂದರೆ ಸ್ಥಳೀಯವಾಗಿ ಸುಮಾರು 6,300ರಲ್ಲಿ ಒಂದೆಂದು ಕಂಡ ಅಟ್ಲಾಸ್‌ನ ಅಪರೂಪ, ಎಲ್ಲ ಜಾಗಗಳನ್ನೂ ಲೆಕ್ಕಕ್ಕೆ ತಂದಾಗ ಸುಮಾರು 44ರಲ್ಲಿ ಒಂದಕ್ಕೆ ಇಳಿದಿತ್ತು. ಅಂದಿನ ಸೆಮಿನಾರ್‌ನಲ್ಲಿಯೇ ಈ ಅಂಕಿಗಳನ್ನು ತೆರೆಯ ಮೇಲೆ ತೋರಿಸಿದ್ದರು, ಮುಚ್ಚಿಟ್ಟಿರಲಿಲ್ಲ. ಹೀಗಾಗಿ ಸುದ್ದಿ ಬಂದಾಗ ಕೇಳಬೇಕಾದದ್ದು ಇದು: ಈ ಕಣವನ್ನು ಯಾರಾದರೂ ಮೊದಲೇ ನಿರೀಕ್ಷಿಸಿದ್ದರೇ, ಅದು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕಾಣಿಸಿದೆಯೇ, ಎರಡು ತಂಡಗಳೂ ಒಂದೇ ಜಾಗದಲ್ಲಿ ಕಂಡಿವೆಯೇ?

500 ಪ್ರಬಂಧಗಳನ್ನು ಬರೆದವರನ್ನು ಹಳಿಯುವುದು ಬೇಡ. ಸುಳಿವೊಂದು ಕಂಡಾಗ ಅದು ನಿಜವಾದರೆ ಏನಾಗಬಹುದೆಂದು ಯೋಚಿಸುವುದು ಸಿದ್ಧಾಂತಿಗಳ ಕೆಲಸ. ಪ್ರಬಂಧಗಳ ರಾಶಿಯನ್ನೇ ಪುರಾವೆಯೆಂದು ಓದುಗರು ತಿಳಿಯಬಾರದು, ಅಷ್ಟೇ.

ಸಿಗ್ಮಾ ದೊಡ್ಡದಿದ್ದರೂ ಉಪಕರಣವನ್ನು ಮರೆಯಬೇಡಿ

ಆಕಸ್ಮಿಕವನ್ನು ಸಿಗ್ಮಾ ಅಳೆಯುತ್ತದೆ. ಗೊತ್ತಿಲ್ಲದೆ ನುಸುಳಿದ ಉಪಕರಣದ ದೋಷವನ್ನು ಅದು ಅಳೆಯಲಾರದು. 2011ರ ಸೆಪ್ಟೆಂಬರ್‌ನಲ್ಲಿ ಬಂದ ಸುದ್ದಿ ಇದನ್ನು ಎಲ್ಲರಿಗೂ ಕಲಿಸಿತು. ಸರ್ನ್‌ನಿಂದ ಹೊರಟ ನ್ಯೂಟ್ರಿನೋಗಳು ಸುಮಾರು 730 ಕಿಲೋಮೀಟರ್ ನೆಲದೊಳಗೆ ಸಾಗಿ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯವನ್ನು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪುತ್ತಿವೆಯೆಂದು ಒಪೆರಾ ತಂಡ ವರದಿ ಮಾಡಿತು. ಅವರು ಹೇಳಿದ ಸಿಗ್ಮಾ 6ರಷ್ಟಿತ್ತು. ತಂಡ ತನ್ನ ಪ್ರಬಂಧದಲ್ಲಿ ಈ ಫಲಿತಾಂಶಕ್ಕೆ ಯಾವ ಸೈದ್ಧಾಂತಿಕ ಅರ್ಥವನ್ನೂ ಕೊಡಲು ಹೋಗುವುದಿಲ್ಲವೆಂದು ಬರೆದು, ಬೇರೆಯವರು ಪರೀಕ್ಷಿಸಲೆಂದು ಕೇಳಿಕೊಂಡಿತ್ತು. ತಂಡದ ಕೆಲವರು ಆ ಪ್ರಬಂಧಕ್ಕೆ ಹೆಸರು ಕೊಡಲು ಒಪ್ಪಿರಲಿಲ್ಲ. ಆದರೆ ಹೊರಗೆ ಐನ್‌ಸ್ಟೈನ್ ಸೋತರೆಂಬ ಮಾತೇ ಮೊಳಗಿತು. ಇಟಲಿಯ ಅಂದಿನ ಶಿಕ್ಷಣ ಸಚಿವೆ ಮಾರಿಯಾಸ್ಟೆಲ್ಲಾ ಜೆಲ್ಮಿನಿ ಅವರ ಅಭಿನಂದನಾ ಹೇಳಿಕೆಯಲ್ಲಿ, ಸರ್ನ್ ಮತ್ತು ಗ್ರಾನ್ ಸಾಸೋ ನಡುವಿನ ಸುರಂಗಕ್ಕೆ ಇಟಲಿ ಸುಮಾರು 4.5 ಕೋಟಿ ಯೂರೋ ಕೊಟ್ಟಿದೆಯೆಂದಿತ್ತು. ಅಂಥ ಸುರಂಗವೇ ಇಲ್ಲ. ನ್ಯೂಟ್ರಿನೋಗಳು ಬಂಡೆಯನ್ನು ಹಾಗೆಯೇ ಹಾಯ್ದುಹೋಗುತ್ತವೆ.

ಈ ಸುದ್ದಿಯನ್ನು ಅಂದೇ ತೂಗಿ ನೋಡಲು ಓದುಗರ ಕೈಯಲ್ಲಿ ಒಂದು ಸಾಧನವಿತ್ತು. 1987ರ ಫೆಬ್ರವರಿಯಲ್ಲಿ ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದರ ಸ್ಫೋಟ ಭೂಮಿಯಲ್ಲಿ ಕಂಡಿತು. ಅದರ ನ್ಯೂಟ್ರಿನೋಗಳನ್ನು ಹಿಡಿದವುಗಳಲ್ಲಿ ಮುಖ್ಯವಾದವು, ಪ್ರೋಟಾನ್ ಕ್ಷಯವನ್ನು ಹುಡುಕಲೆಂದು ಕಟ್ಟಿದ್ದ ಅವೇ ಕಾಮಿಯೋಕಾಂಡೆ ಮತ್ತು ಐಎಂಬಿ. ನ್ಯೂಟ್ರಿನೋಗಳು ಬಂದದ್ದು ಬೆಳಕಿಗಿಂತ ಕೆಲವೇ ಗಂಟೆ ಮೊದಲು, ಅದೂ ಸ್ಫೋಟಿಸುವ ನಕ್ಷತ್ರದಿಂದ ಬೆಳಕು ಹೊರಬರಲು ತಡವಾಗುವುದರಿಂದ. ಒಪೆರಾ ಹೇಳಿದ ವೇಗ ಎಲ್ಲ ನ್ಯೂಟ್ರಿನೋಗಳಿಗೂ ಸಲ್ಲುವುದಾಗಿದ್ದರೆ ಅವು ಸುಮಾರು ನಾಲ್ಕು ವರ್ಷ ಮೊದಲೇ ಬಂದಿರಬೇಕಿತ್ತು. ಆ ನ್ಯೂಟ್ರಿನೋಗಳ ಶಕ್ತಿ ಬಹಳ ಕಡಿಮೆಯಾದ್ದರಿಂದ ಇದು ಕೊನೆಯ ತೀರ್ಪಲ್ಲ, ಆದರೆ ಅನುಮಾನಪಡಲು ಬಲವಾದ ಕಾರಣವಂತೂ ಹೌದು. ಹೊಸ ಸುದ್ದಿ ಬಂದಾಗ ಹಳೆಯ ಗಟ್ಟಿ ಅಳತೆಗಳೊಡನೆ ಅದು ಹೊಂದುತ್ತದೆಯೇ ಎಂದು ಕೇಳುವ ಅಭ್ಯಾಸ ಇದರಿಂದ ಬರಬೇಕು.

2012ರ ಫೆಬ್ರವರಿಯಲ್ಲಿ ಕಾರಣ ಹೊರಬಿತ್ತು. ಜಿಪಿಎಸ್ ಸಂಕೇತವನ್ನು ತಂಡದ ಮುಖ್ಯ ಗಡಿಯಾರಕ್ಕೆ ತರುವ ಆಪ್ಟಿಕಲ್ ಫೈಬರ್‌ನ ಕನೆಕ್ಟರನ್ನು ಸರಿಯಾಗಿ ಬಿಗಿದಿರಲಿಲ್ಲ. ಮಾರ್ಚ್‌ನಲ್ಲಿ ಅದೇ ಗ್ರಾನ್ ಸಾಸೋದ ಇಕಾರಸ್ ತಂಡ ತನ್ನ ಬೇರೆ ಡಿಟೆಕ್ಟರ್‌ನಿಂದ ಅಳೆದು, ನ್ಯೂಟ್ರಿನೋಗಳ ವೇಗ ಬೆಳಕಿನ ವೇಗಕ್ಕೆ ಹೊಂದುತ್ತದೆಯೆಂದು ತಿಳಿಸಿತು. ತಪ್ಪನ್ನು ಹುಡುಕಿ ಹೇಳಿದವರು ಒಪೆರಾದವರೇ ಎಂಬುದನ್ನು ನಾವು ಗೌರವದಿಂದ ನೆನೆಯಬೇಕು.

ಭಯದ ಸುದ್ದಿ ಬಂದಾಗ

ಶೋಧದ ಗಾಳಿಸುದ್ದಿಯ ಜೊತೆಗೆ ಪ್ರಳಯದ ಗಾಳಿಸುದ್ದಿಯೂ ಬರುತ್ತದೆ, ಇದರ ಬಗ್ಗೆ ಉದಾಸೀನ ಮಾಡಬಾರದು. 2008ರ ಸೆಪ್ಟೆಂಬರ್ 10ರಂದು ಲಾರ್ಜ್ ಹೇಡ್ರಾನ್ ಕೊಲೈಡರ್ ಚಾಲನೆಗೊಳ್ಳುವ ಮುನ್ನ, ಅದರಲ್ಲಿ ಹುಟ್ಟುವ ಕಪ್ಪುಕುಳಿ ಭೂಮಿಯನ್ನೇ ನುಂಗುತ್ತದೆಯೆಂದು ಭಾರತದ ಕೆಲವು ಟಿವಿ ವಾಹಿನಿಗಳು ಗಂಟೆಗಟ್ಟಲೆ ಚರ್ಚೆ ನಡೆಸಿದವು. ಆ ಕಾರ್ಯಕ್ರಮಗಳನ್ನು ನೋಡಿ ಹೆದರಿ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳೆಂದು ಆಕೆಯ ತಂದೆ ಹೇಳಿದ್ದನ್ನು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಆ ದಿನ ಯಂತ್ರದಲ್ಲಿ ಪ್ರೋಟಾನುಗಳು ಸುತ್ತು ಹಾಕಿದವೇ ಹೊರತು ಒಂದೂ ಡಿಕ್ಕಿಯನ್ನು ನಡೆಸಿರಲಿಲ್ಲ. ಮೊದಲ ಡಿಕ್ಕಿಗಳು ನಡೆದದ್ದು 2009ರ ನವೆಂಬರ್‌ನಲ್ಲಿ.

ಮನೆಯಲ್ಲಿ ಮಕ್ಕಳೋ ಹಿರಿಯರೋ ಇಂಥ ಸುದ್ದಿ ಕೇಳಿ ಹೆದರಿದರೆ ಅವರನ್ನು ಗದರಬೇಡಿ, ನಕ್ಕು ತಳ್ಳಿಹಾಕಬೇಡಿ. ಆಕಾಶದಿಂದ ಬರುವ ವಿಶ್ವಕಿರಣಗಳು ಈ ಯಂತ್ರದ ಡಿಕ್ಕಿಗಳಿಗಿಂತಲೂ ಹೆಚ್ಚಿನ ಶಕ್ತಿಯಿಂದ ನಮ್ಮ ವಾಯುಮಂಡಲಕ್ಕೆ ಕೋಟ್ಯಂತರ ವರ್ಷಗಳಿಂದ ಬಡಿಯುತ್ತಲೇ ಇವೆ, ಭೂಮಿ ಹಾಗೆಯೇ ಇದೆ ಎಂದು ಕುಳಿತು ವಿವರಿಸಿ. ಕೋಲಾರದ ಗಣಿಯಾಳದಲ್ಲಿ ಕಂಡ ನ್ಯೂಟ್ರಿನೋಗಳು ಹುಟ್ಟಿದ್ದೂ ಅಂಥ ಡಿಕ್ಕಿಗಳಿಂದಲೇ ಎಂದು ಹೇಳಿದರೆ ಮಕ್ಕಳ ಭಯ ಕುತೂಹಲಕ್ಕೆ ತಿರುಗಬಹುದು.

ಹಂಚಿಕೊಂಡ ಮೇಲೂ ಕೆಲಸವಿದೆ

ಸುದ್ದಿಯನ್ನು ಹಂಚಿಕೊಳ್ಳುವುದಾದರೆ ನಾಲ್ಕು ವಿವರಗಳನ್ನು ಜೊತೆಗೆ ಬರೆಯಿರಿ: ಯಾವ ತಂಡ, ಯಾವ ದಿನಾಂಕ, ಒಟ್ಟಾರೆ ಸಿಗ್ಮಾ ಎಷ್ಟು, ಇನ್ನೊಂದು ತಂಡ ಏನು ಹೇಳಿದೆ. ನಾಲ್ಕನೆಯದಕ್ಕೆ ಉತ್ತರವಿಲ್ಲದಿದ್ದರೆ ಉತ್ತರವಿಲ್ಲವೆಂದೇ ಬರೆಯಿರಿ. ಹೆಮ್ಮೆಯ ಮಾತು ಸೇರಿಸುವಾಗಲೂ ನಿಖರವಾಗಿರಿ. ಹಿಗ್ಸ್ ಬೋಸಾನ್ ಪ್ರಕಟವಾದ 2012ರಲ್ಲಿ, ಭಾರತದ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅವರನ್ನು ಜಗತ್ತು ಮರೆತಿದೆಯೆಂದು ನಮ್ಮಲ್ಲಿ ಅನೇಕರು ನೊಂದುಕೊಂಡರು. ಆ ನೋವಿಗೆ ಆಧಾರವಿದೆ, ಬೋಸ್ ಅವರಿಗೆ ನೊಬೆಲ್ ಬರಲಿಲ್ಲ. ಆದರೆ ಅವರು ಹಿಗ್ಸ್ ಕಣವನ್ನು ಮುನ್ಸೂಚಿಸಿದವರಲ್ಲ. 1924ರಲ್ಲಿ ಅವರು ಕಂಡುಕೊಂಡ ಸಂಖ್ಯಾಶಾಸ್ತ್ರೀಯ ನಿಯಮವನ್ನು ಪಾಲಿಸುವ ಎಲ್ಲ ಕಣಗಳಿಗೂ ಬೋಸಾನ್ ಎಂದು ಹೆಸರು, ಫೋಟಾನಿಗೂ ಅದೇ. ಒಂದು ಕಣಕ್ಕಿಂತ ಇದು ಬಹಳ ದೊಡ್ಡ ಗೌರವ.

ಪ್ರಕಟಿತ ಪ್ರಬಂಧವೂ ದೊಡ್ಡ ಸಿಗ್ಮಾವೂ ಇದ್ದರೂ ಕಾಯಬೇಕಾಗುವುದಕ್ಕೆ ದುರ್ಬಲ ಪರಮಾಣು ಬಲವನ್ನು ಒಯ್ಯುವ ಕಣವಾದ ಡಬ್ಲ್ಯೂ ಬೋಸಾನ್‌ನ ತೂಕ ಈಚಿನ ಉದಾಹರಣೆ. 2022ರ ಏಪ್ರಿಲ್‌ನಲ್ಲಿ ಫರ್ಮಿಲ್ಯಾಬ್‌ನ ಸಿಡಿಎಫ್ ತಂಡ ಅದನ್ನು 80,433.5 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದು, 9.4ರ ಅನಿಶ್ಚಿತತೆಯೊಡನೆ ವರದಿ ಮಾಡಿತು. ಮೂಲಕಣಗಳ ಬಗ್ಗೆ ಒಪ್ಪಿತವಾಗಿರುವ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಹೇಳುವುದು ಸುಮಾರು 80,357. ಈ ಅಂತರ 7 ಸಿಗ್ಮಾದಷ್ಟಿದ್ದು, ಭೌತವಿಜ್ಞಾನದ ಅಡಿಪಾಯವೇ ಅಲುಗಿತೆಂದು ಬಹಳ ಜನ ಬರೆದರು. 2024ರ ಸೆಪ್ಟೆಂಬರ್‌ನಲ್ಲಿ ಸಿಎಂಎಸ್ ತಂಡ ಅಷ್ಟೇ ನಿಖರವಾಗಿ ಅಳೆದು ಕೊಟ್ಟ ಅಂಕಿ 80,360.2, ಅನಿಶ್ಚಿತತೆ 9.9, ಅದಕ್ಕೂ ಮೊದಲೇ ಬಂದಿದ್ದ ಅಟ್ಲಾಸ್‌ನ ಹೊಸ ಅಳತೆಯೂ ಸ್ಟ್ಯಾಂಡರ್ಡ್ ಮಾಡೆಲ್‌ಗೆ ಹೊಂದುವಂತೆಯೇ ಇತ್ತು. ಏಪ್ರಿಲ್‌ನ ಸುದ್ದಿಯನ್ನು ನೀವು ಯಾವ ಗುಂಪಿಗೆ ಕಳಿಸಿದ್ದಿರೋ ಅದೇ ಗುಂಪಿಗೆ ಸೆಪ್ಟೆಂಬರ್‌ನ ಅಂಕಿಯನ್ನೂ ಕಳಿಸಿ, ಹಳೆಯ ಸಂದೇಶಕ್ಕೇ ಉತ್ತರವಾಗಿ ಕಳಿಸಿದರೆ ಇನ್ನೂ ಒಳ್ಳೆಯದು. ಕಳಿಸುವಾಗ ಸಿಡಿಎಫ್ ತಪ್ಪೆಂದು ಬರೆಯಬೇಡಿ, ಏಕೆಂದರೆ ಅವರ ಅಳತೆ ಎಲ್ಲಿ ಬೇರೆಯಾಯಿತೆಂದು ಇನ್ನೂ ಯಾರೂ ತೋರಿಸಿಲ್ಲ. ಮೂರೂ ತಂಡಗಳ ಹೆಸರು, ವರ್ಷ ಮತ್ತು ಅಳತೆಯನ್ನು ಒಂದರ ಕೆಳಗೊಂದು ಬರೆದರೆ ಓದುವವರು ತಾವೇ ನೋಡಿಕೊಳ್ಳುತ್ತಾರೆ.